ಬಿಟ್ಟ ಪ್ರಶ್ನೆಗಳು

30ಕ್ಕೂ ಹೆಚ್ಚು ವರ್ಷಗಳ ಕಾಲ ಪ್ರೌಢಶಾಲೆಯ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿದ ನಮ್ಮಲ್ಲಿ ಪರೀಕ್ಷೆಯ ವಿಷಯವಾಗಿ ಒಂದು ಸೂತ್ರವಿದ್ದಿತು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಹಿಂದಿನ ದಿನ ಮಕ್ಕಳನ್ನೆಲ್ಲ ಒಂದೆಡೆ ಕುಳ್ಳಿರಿಸಿ, ಪ್ರತಿವರ್ಷವೂ ತಪ್ಪದೆ ಅದನ್ನು ಉಪದೇಶಿಸುತ್ತಿದ್ದೆವು: “ಯಾವ ಪ್ರಶ್ನೆಯನ್ನೂ ಬಿಡಬೇಡಿ. ಬಾರದಿದ್ದರೂ ತೋಚಿದ್ದನ್ನು ಬರೆಯಿರಿ. ಬರೆದವನಿಗೆ ಅರ್ಧ ಅಂಕವಾದರೂ ಬಂದೀತು. ಬಿಟ್ಟವನಿಗೆ ಬ್ರಹ್ಮನೂ ಕೊಡಲಾರ.” ಈ ಸೂತ್ರವನ್ನು ಹಿಡಿದು ದಡ ಸೇರಿದ ಮಕ್ಕಳು ಎಷ್ಟೋ ಮಂದಿ. ಈಗಲೂ ಸಂತೆಯಲ್ಲಿ ಕಂಡಾಗ ಅದನ್ನು ಜ್ಞಾಪಿಸಿ ನಗುವವರುಂಟು. ಅದೇ ಸೂತ್ರವು ನಮ್ಮ ಸ್ವಂತ ಮಗಳ ಒಂದು ವರ್ಷವನ್ನು ನುಂಗಿತೆಂಬುದನ್ನು ನಾವು ಬಹುಕಾಲ ಯಾರೊಡನೆಯೂ ಆಡಿರಲಿಲ್ಲ. ಈಗ ಆಡಬೇಕಾಗಿ ಬಂದಿರುವುದಕ್ಕೆ ಕಾರಣವೇನೆಂದರೆ, ನಮ್ಮ ಬೀದಿಯಲ್ಲಿಯೇ ಮೂರು ಮನೆಗಳ ಮಕ್ಕಳು ಅದೇ ಪರೀಕ್ಷೆಗೆ ಸಿದ್ಧರಾಗುತ್ತಿರುವರು. ಅವರ ಹಿರಿಯರು ನಮ್ಮನ್ನು ಬಲ್ಲವರೆಂದು ಭಾವಿಸಿ ಸಲಹೆ ಕೇಳಲು ಬರುತ್ತಿರುವರು. ಸಲಹೆ ಕೊಡುವುದಕ್ಕೆ ಮುಂಚೆ ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ.

ಆ ಪರೀಕ್ಷೆಗೆ ಗೇಟ್ ಎಂದು ಹೆಸರು. ಇಂಜಿನಿಯರಿಂಗ್ ಮುಗಿಸಿದವರು ಎಂ.ಟೆಕ್. ತರಗತಿಗೆ ಸೇರಬೇಕಾದರೆ ಹೆಚ್ಚಾಗಿ ಈ ಬಾಗಿಲಿನಿಂದಲೇ ಒಳಹೋಗತಕ್ಕದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಏಳು ಐಐಟಿಗಳೂ ವರ್ಷಕ್ಕೊಂದರಂತೆ ಸರದಿಯ ಮೇಲೆ ಇದನ್ನು ನಡೆಸುತ್ತವೆ. ಮೂರು ಗಂಟೆಗಳ ಕಾಲ, 65 ಪ್ರಶ್ನೆಗಳು, 100 ಅಂಕಗಳು. ಉತ್ತರಪತ್ರಿಕೆಯೆಂಬುದಿಲ್ಲ, ಎಲ್ಲವೂ ಕಂಪ್ಯೂಟರಿನ ತೆರೆಯ ಮೇಲೆ. ಲೆಕ್ಕ ಹಾಕುವ ಯಂತ್ರವನ್ನು ಕೂಡ ಕೈಯಲ್ಲಿ ಒಯ್ಯುವಂತಿಲ್ಲ. ತೆರೆಯ ಮೇಲೆಯೇ ಅದರ ಚಿತ್ರವೊಂದಿರುವುದು, ಅದನ್ನು ಮೌಸಿನಿಂದ ಒತ್ತಿ ಒತ್ತಿ ಗುಣಿಸಬೇಕು. ಒಮ್ಮೆ ಪಡೆದ ಸ್ಕೋರು ಮೂರು ವರ್ಷ ಸಲ್ಲುವುದು. ಇಷ್ಟನ್ನು ಈಗ ಇಷ್ಟು ಸಲೀಸಾಗಿ ಹೇಳುತ್ತಿದ್ದೇವೆ. 2022ರಲ್ಲಿ ಇದರಲ್ಲಿ ಅರ್ಧವನ್ನೂ ನಾವು ಕೇಳಿ ತಿಳಿದಿರಲಿಲ್ಲ. ಕೇಳದೆಯೇ ಉಪದೇಶಕ್ಕೆ ಕುಳಿತೆವು.

ಮಗಳು 2018ರಲ್ಲಿ ನಮ್ಮ ರಾಜ್ಯದ ಸಿಇಟಿ ಬರೆದು ಸಿವಿಲ್ ಇಂಜಿನಿಯರಿಂಗ್ ಸೇರಿದ್ದಳು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನಮ್ಮ ಸೂತ್ರದಂತೆ ಅವಳು ಒಂದು ಪ್ರಶ್ನೆಯನ್ನೂ ಬಿಡದೆ ಗುರುತು ಹಾಕಿ ಬಂದಳು, ಸೀಟೂ ಬಂದಿತು. ಇದರಿಂದ ಸೂತ್ರದಲ್ಲಿ ನಮ್ಮ ಶ್ರದ್ಧೆ ಇಮ್ಮಡಿಸಿತೆಂದು ಬೇರೆ ಹೇಳಬೇಕಾಗಿಲ್ಲ. 2022ರಲ್ಲಿ ಪದವಿ ಮುಗಿಯುವ ವೇಳೆಗೆ ಅವಳಿಗೆ ಬೆಂಗಳೂರಿನಲ್ಲಿ ಒಂದು ಕೆಲಸವೂ ಗೊತ್ತಾಗಿದ್ದಿತು. ಆದರೆ ಮಣ್ಣಿನ ಗುಣವನ್ನು ಕುರಿತ ಶಾಸ್ತ್ರವನ್ನು ಇನ್ನೂ ಓದಬೇಕೆಂದು ಅವಳ ಆಸೆ. ಕೆಲಸ ಮಾಡುತ್ತಲೇ ಓದುತ್ತೇನೆಂದಳು. ಎರಡು ದೋಣಿಯಲ್ಲಿ ಕಾಲಿಡಬೇಡವೆಂದು ನಾವೇ ತಡೆದೆವು. ಕೆಲಸ ಬಿಟ್ಟು ಮನೆಗೆ ಬಂದಳು.

ಆ ವರ್ಷದ ವೇಳಾಪಟ್ಟಿಯನ್ನು ನಾವೇ ಬರೆದು ಗೋಡೆಗೆ ಅಂಟಿಸಿದೆವು. ಗ್ರಂಥಗಳನ್ನು ಆದಿಯಿಂದ ಅಂತ್ಯದವರೆಗೆ ಮೂರು ಆವೃತ್ತಿ ಓದತಕ್ಕದ್ದೆಂಬುದು ಅದರ ಸಾರ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಗೇಟ್ ಪರೀಕ್ಷೆಯ ಜಾಲತಾಣದಲ್ಲಿಯೇ ಉಚಿತವಾಗಿ ದೊರೆಯುವುವೆಂದು ಹುಡುಗಿ ಹೇಳಿದಾಗ, “ಶಾಸ್ತ್ರ ಬಂದರೆ ಪ್ರಶ್ನೆ ತಾನಾಗಿ ಬರುವುದು; ಹಳೆಯ ಪತ್ರಿಕೆ ನೋಡಿ ಓದುವುದು ಕಳ್ಳದಾರಿ” ಎಂದು ಗದರಿಸಿದೆವು. ಅವಳು ಮರುಮಾತಾಡದೆ ಓದಿದಳು. ಬಣ್ಣಬಣ್ಣದ ಗೆರೆಗಳನ್ನೆಳೆದು ಓದಿದಳು. ಮೂರನೆಯ ಆವೃತ್ತಿಯ ಹೊತ್ತಿಗೆ ಯಾವ ಪುಟವನ್ನು ತೆರೆದರೂ ಹಳೆಯ ನೆಂಟರ ಮುಖವನ್ನು ಕಂಡಂತಾಗುತ್ತದೆಂದು ಅವಳೇ ಹೇಳಿದಳು. ನಮಗೆ ಅದು ಬಹಳ ಒಳ್ಳೆಯ ಲಕ್ಷಣವಾಗಿ ತೋರಿತು. ಮುಖ ಕಂಡು ಗುರುತು ಹಿಡಿಯುವುದೊಂದು, ಮುಖ ಎದುರಿಗಿಲ್ಲದಾಗ ಹೆಸರನ್ನು ನೆನೆದು ಕರೆಯುವುದೊಂದು. ಇವೆರಡರ ಅಂತರವು ಮೇಷ್ಟರಾದ ನಮಗೆ ತಿಳಿಯದೆ ಹೋಯಿತಲ್ಲ ಎಂದು ಈಗ ನಾಚಿಕೆಯಾಗುತ್ತದೆ.

2023ರ ಫೆಬ್ರವರಿಯಲ್ಲಿ ಮೈಸೂರಿನಲ್ಲಿ ಪರೀಕ್ಷೆ. ಹಿಂದಿನ ದಿನವೇ ಹೋಗಿ ಭಾವಮೈದುನನ ಮನೆಯಲ್ಲಿ ಉಳಿದುಕೊಂಡೆವು. ಬೆಳಗ್ಗೆ ಗೇಟಿನ ಬಳಿ ಬಿಡುವಾಗ ಮತ್ತೊಮ್ಮೆ ಹೇಳಿದೆವು: “ಮಗು, ಒಂದನ್ನೂ ಬಿಡಬೇಡ.” ಮಧ್ಯಾಹ್ನ 12.30 ದಾಟಿದ ಮೇಲೆ ಅವಳು ಹೊರಗೆ ಬಂದು ಮೊದಲು ಹೇಳಿದ ಮಾತು ಇದು: “ಅಪ್ಪ, ಒಂದನ್ನೂ ಬಿಡಲಿಲ್ಲ.” ನಾವು ಹಿಗ್ಗಿದೆವು. ಅವಳ ಮುಖದಲ್ಲಿ ಹಿಗ್ಗಿರಲಿಲ್ಲವೆಂಬುದು ಆಮೇಲೆ ನೆನಪಿಗೆ ಬಂದ ಸಂಗತಿ.

ಮಾರ್ಚಿಯಲ್ಲಿ ಫಲಿತಾಂಶ ಬಂದಿತು. 100ಕ್ಕೆ 23. ಅರ್ಹತೆಯ ಗೆರೆಗಿಂತ ಕೆಳಗೆ. ಮನೆಯಲ್ಲಿ ಯಾರೂ ಏನನ್ನೂ ಆಡಲಿಲ್ಲ. ನಮ್ಮ ಮನೆಯವರು ಅಂದು ರಾತ್ರಿ ಹುಡುಗಿಗೆ ಇಷ್ಟವೆಂದು ಶಾವಿಗೆ ಮಾಡಿದರು. ಅದು ಹಾಗೆಯೇ ಪಾತ್ರೆಯಲ್ಲಿ ಉಳಿಯಿತು.

ಗೇಟ್ ಪರೀಕ್ಷೆಯಲ್ಲಿ ಒಂದು ಒಳ್ಳೆಯ ಪದ್ಧತಿಯುಂಟು. ಯಾವ ಪ್ರಶ್ನೆಗೆ ನೀವು ಏನೆಂದು ಉತ್ತರಿಸಿದಿರಿ ಎಂಬ ಪಟ್ಟಿಯನ್ನು ನಿಮಗೇ ಕೊಡುತ್ತಾರೆ, ಸರಿಯುತ್ತರಗಳನ್ನೂ ಪ್ರಕಟಿಸುತ್ತಾರೆ. ಮಗಳು ಅವೆರಡನ್ನೂ ಎದುರಿಗಿಟ್ಟುಕೊಂಡು ಒಂದು ಉದ್ದನೆಯ ನೋಟುಪುಸ್ತಕದಲ್ಲಿ ತಪ್ಪುಗಳ ಲೆಕ್ಕ ಬರೆಯತೊಡಗಿದಳು. ಒಂದು ದಿನ ಅವಳು ಇಲ್ಲದಾಗ ನಾವು ಆ ಪುಸ್ತಕವನ್ನು ತೆರೆದು ನೋಡಿದೆವು. ಮಾಡಬಾರದ ಕೆಲಸ, ಆದರೂ ಮಾಡಿದೆವು. ಪ್ರತಿಯೊಂದು ತಪ್ಪಿನ ಎದುರಿಗೂ ಕಾರಣವನ್ನು ಬರೆದಿದ್ದಳು. ಕೆಲವಕ್ಕೆ “ಸೂತ್ರ ಮರೆತೆ” ಎಂದು, ಕೆಲವಕ್ಕೆ “ಮಾನ ತಪ್ಪಿತು” ಎಂದು. ಆದರೆ 12 ಪ್ರಶ್ನೆಗಳ ಎದುರಿಗೆ “ಅ.ಸೂ.” ಎಂದಿಷ್ಟೇ ಇದ್ದಿತು. ಇಂಜಿನಿಯರಿಂಗ್ ಪರಿಭಾಷೆಯೇ ಇರಬೇಕೆಂದುಕೊಂಡು ಸಂಜೆ ಅವಳನ್ನೇ ಕೇಳಿದೆವು. ಅವಳು ತಲೆ ತಗ್ಗಿಸಿದಳು. ಬಹಳ ಬಲವಂತ ಮಾಡಿದ ಮೇಲೆ, “ಅಪ್ಪನ ಸೂತ್ರ” ಎಂದಳು.

ಅವಳು ನಮ್ಮನ್ನು ದೂರಲಿಲ್ಲ. ದೂರಿದ್ದರೆ ಎದುರು ವಾದಿಸಿ ಹಗುರಾಗುತ್ತಿದ್ದೆವು. “ತಪ್ಪಿನ ಕಾರಣ ಬರೆಯಬೇಕಲ್ಲ ಅಪ್ಪ, ಅದಕ್ಕೆ ಬರೆದೆ” ಎಂದಳು, ಅಷ್ಟೆ. ಆಮೇಲೆ ಲೆಕ್ಕವನ್ನು ವಿವರಿಸಿದಳು. ವಾಚಕರಲ್ಲಿ ಮಕ್ಕಳನ್ನು ಈ ಪರೀಕ್ಷೆಗೆ ಕಳುಹಿಸುವವರು ಇದನ್ನು ಸ್ವಲ್ಪ ಗಮನವಿಟ್ಟು ನೋಡಬೇಕು.

ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಯು ಒಂದು ಅಂಕದ್ದಾದರೆ, ತಪ್ಪಿದಾಗ ಮೂರನೆಯ ಒಂದು ಪಾಲು ಕಳೆಯುತ್ತಾರೆ. ಎರಡು ಅಂಕದ್ದಾದರೆ ಮೂರನೆಯ ಎರಡು ಪಾಲು. ಒಂದು ಅಂಕದ 12 ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಗುರುತು ಹಾಕಿದರೆ, ಸರಾಸರಿಯಲ್ಲಿ 3 ಸರಿಯಾಗಿ 3 ಅಂಕ ಬರುವುದು, 9 ತಪ್ಪಾಗಿ 3 ಅಂಕ ಹೋಗುವುದು. ಲಾಭ ಸೊನ್ನೆ. ನಾಲ್ಕರಲ್ಲಿ ಒಂದು ಉತ್ತರವು ಖಂಡಿತ ಅಲ್ಲವೆಂದು ತಿಳಿದು ಉಳಿದ ಮೂರರಲ್ಲಿ ಊಹಿಸಿದರೆ 12ಕ್ಕೆ ಒಂದೂಕಾಲು ಅಂಕಕ್ಕಿಂತ ತುಸು ಹೆಚ್ಚು ಲಾಭ. ಎರಡನ್ನು ತೆಗೆದುಹಾಕಲು ಬಂದರೆ ನಾಲ್ಕು ಅಂಕಗಳ ಲಾಭ. ಆದುದರಿಂದ ಎಲ್ಲ ಊಹೆಯೂ ದೋಷವಲ್ಲ. ಕಾರಣವಿರುವ ಊಹೆಗೆ ಈ ಪರೀಕ್ಷೆಯೇ ಬೆಲೆ ಕಟ್ಟಿದೆ. ಹಾಗಾದರೆ ಕಣ್ಣು ಮುಚ್ಚಿ ಹಾಕಿದ್ದರಿಂದಲೂ ನಷ್ಟವೇನಿಲ್ಲವಷ್ಟೆ ಎಂದು ನಾವು ಆಸೆಯಿಂದ ಕೇಳಿದೆವು. “ಕಣ್ಣು ಮುಚ್ಚಿ ಹಾಕಿದ್ದರೆ ಇಲ್ಲ. ನಾನು ಅರ್ಧ ಕಣ್ಣು ತೆರೆದು ಹಾಕಿದೆ” ಎಂದಳು. ತಪ್ಪು ಉತ್ತರಗಳನ್ನು ಅಲ್ಲಿ ಮನಬಂದಂತೆ ಇಟ್ಟಿರುವುದಿಲ್ಲ. ಒಂದು ಹೆಜ್ಜೆಯನ್ನು ಮರೆತವನಿಗೆ ಏನು ಬರುವುದೋ ಅದು ಒಂದು, ಅಡಿಯನ್ನು ಮೀಟರೆಂದು ಭ್ರಮಿಸಿದವನಿಗೆ ಏನು ಬರುವುದೋ ಅದು ಇನ್ನೊಂದು. ಏನೂ ತಿಳಿಯದವನಿಗಿಂತ ಅರೆ ತಿಳಿದವನೇ ಆ ಬಲೆಯಲ್ಲಿ ಬೀಳುವುದು. ನಮ್ಮ ಮಾತನ್ನು ನಡೆಸುವುದಕ್ಕಾಗಿ ಅವಳು 14 ಪ್ರಶ್ನೆಗಳಿಗೆ ಊಹೆಯಿಂದ ಗುರುತು ಹಾಕಿದ್ದಳು. ಅವುಗಳಲ್ಲಿ ಎರಡು ಸರಿಬಿದ್ದು 2 ಅಂಕ ಬಂದಿದ್ದವು. 12 ತಪ್ಪಿ 6 ಅಂಕ ಹೋಗಿದ್ದವು. ಅವನ್ನೆಲ್ಲ ಮುಟ್ಟದೆ ಬಿಟ್ಟಿದ್ದರೆ 27 ಆಗುತ್ತಿದ್ದು ಅರ್ಹತೆಯ ಗೆರೆಯನ್ನು ಹೇಗೋ ದಾಟುತ್ತಿದ್ದಳು. ಅದಕ್ಕೆ ಒಳ್ಳೆಯ ಕಡೆ ಸೀಟು ಬರುತ್ತಿರಲಿಲ್ಲ, ನಿಜ. ಆದರೂ ಆ 14 ಪ್ರಶ್ನೆಗಳನ್ನು ದಿಟ್ಟಿಸುತ್ತ ಕುಳಿತ ಹೊತ್ತಿನಲ್ಲಿ ಬರುವ ಲೆಕ್ಕಗಳನ್ನು ಎರಡನೆಯ ಸಲ ನೋಡಬಹುದಾಗಿದ್ದಿತು.

ಇದಲ್ಲದೆ ಇನ್ನೆರಡು ಬಗೆಯ ಪ್ರಶ್ನೆಗಳುಂಟು. ಉತ್ತರದ ಅಂಕಿಯನ್ನೇ ನಾವು ಕಂಡುಹಿಡಿದು ತುಂಬಬೇಕಾದದ್ದೊಂದು. ಸರಿಯುತ್ತರಗಳು ಒಂದಕ್ಕಿಂತ ಹೆಚ್ಚು ಇರಬಹುದಾದದ್ದು ಇನ್ನೊಂದು. ಇವೆರಡರಲ್ಲಿಯೂ ತಪ್ಪಿಗೆ ದಂಡವಿಲ್ಲ. ಇಲ್ಲಿ ಬಿಟ್ಟುಬರುವುದೇ ದಡ್ಡತನ. ಎರಡನೆಯ ಬಗೆಯಲ್ಲಿ ಮಾತ್ರ ಸರಿಯಾದವೆಲ್ಲವನ್ನೂ ಗುರುತಿಸಿದರೆ ಪೂರ್ತಿ ಅಂಕ, ಒಂದು ತಪ್ಪಿದರೂ ಸೊನ್ನೆ. ಅರ್ಧ ಸರಿಗೆ ಅರ್ಧ ಅಂಕವೆಂಬ ನಮ್ಮ ಪ್ರೌಢಶಾಲೆಯ ದಾಕ್ಷಿಣ್ಯ ಅಲ್ಲಿಲ್ಲ. ಅಮೆರಿಕಕ್ಕೆ ಓದಲು ಹೋಗುವವರು ಬರೆಯುವ ಜಿಆರ್‌ಇ ಎಂಬ ಪರೀಕ್ಷೆಯಲ್ಲಿ ತಪ್ಪಿಗೆ ಅಂಕ ಕಳೆಯುವುದೇ ಇಲ್ಲವಂತೆ. ಅಲ್ಲಿ ನಮ್ಮ ಸೂತ್ರವು ಇಂದಿಗೂ ಸಲ್ಲುವುದೆಂದು ಮಗಳು ನಮ್ಮ ಸಮಾಧಾನಕ್ಕಾಗಿ ತಿಳಿಸಿದಳು. ಪಾಣಿನಿಯ ಸೂತ್ರಗಳಿಗೆ ಕೂಡ ಇಂತಿಂಥ ಸ್ಥಳದಲ್ಲಿ ಪ್ರವೃತ್ತಿ, ಇಂತಿಂಥಲ್ಲಿ ಅಪವಾದವೆಂದು 30 ವರ್ಷ ಪಾಠ ಹೇಳಿದವರು ನಾವು. ಸ್ವಂತ ಸೂತ್ರಕ್ಕೆ ಅಪವಾದವಿರಬಹುದೆಂದು ಹೊಳೆಯಲಿಲ್ಲ.

ಆ ರಾತ್ರಿ ನಿದ್ರೆ ಬರಲಿಲ್ಲ. ನಾವು ಕಲಿತದ್ದಾದರೂ ಹೇಗೆ ಎಂದು ಯೋಚಿಸುತ್ತ ಮಲಗಿದ್ದೆವು. ಎಂಟು ವರ್ಷದ ಹುಡುಗನಾಗಿದ್ದಾಗ ನಮ್ಮ ದೊಡ್ಡಪ್ಪನವರು ಜಗಲಿಯ ಮೇಲೆ ಕುಳ್ಳಿರಿಸಿಕೊಂಡು ಅಮರಕೋಶವನ್ನು ಹೇಳಿಕೊಟ್ಟರು. ಅವರು ಹೇಳಿಕೊಟ್ಟದ್ದು ಬೆಳಗಿನಲ್ಲಿ ಸ್ವಲ್ಪ ಹೊತ್ತು. ಒಪ್ಪಿಸಿಕೊಂಡದ್ದು ಸಂಜೆಯ ದೀಪ ಹಚ್ಚುವವರೆಗೆ. ಪುಸ್ತಕವು ಅವರ ತೊಡೆಯ ಕೆಳಗಿರುತ್ತಿತ್ತು. ನಡುವೆ ತಪ್ಪಿದರೆ ವರ್ಗದ ಆರಂಭಕ್ಕೆ ಹೋಗಬೇಕು. ಇವತ್ತಿನದು ಮುಗಿದ ಮೇಲೆ ಎಂದೋ ಕಲಿತದ್ದರ ನಡುವಿನಿಂದ ಒಂದು ಶಬ್ದವನ್ನು ಎತ್ತಿಕೊಂಡು, ಅಲ್ಲಿಂದ ಮುಂದೆ ಹೇಳು ಎನ್ನುವರು. ಪಕ್ಕದ ಮನೆಯಲ್ಲಿ ವೇದ ಕಲಿಯುತ್ತಿದ್ದ ಹುಡುಗರಿಗಾದರೋ ಇನ್ನೂ ಕಠಿಣ. ಸಂಹಿತೆಯನ್ನು ನೇರವಾಗಿ ಹೇಳಲು ಬಂದರೆ ಸಾಲದು; ಕ್ರಮ, ಜಟೆ, ಘನ ಎಂದು ಪದಗಳನ್ನು ಮುಂದೆ ಹಿಂದೆ ಹೆಣೆದು ಹೇಳಬೇಕು. ಜಟೆಯಲ್ಲಿ ಮೊದಲ ಪದ ಎರಡನೆಯದು, ಎರಡನೆಯದು ಮೊದಲನೆಯದು, ಮತ್ತೆ ಮೊದಲನೆಯದು ಎರಡನೆಯದು, ಹೀಗೆ. ನಾಲಗೆಯು ಕೇವಲ ಓಟದ ಬಲದಿಂದ ಓಡದಂತೆ ಮಾಡಿದ ಏರ್ಪಾಡು ಅದು. ಇಡೀ ಬಾಲ್ಯದಲ್ಲಿ ನಾವು ಮೂರು ಆವೃತ್ತಿ ಓದಿ ಕಲಿತ ಗ್ರಂಥ ಒಂದೂ ಇಲ್ಲ. ಎಲ್ಲವೂ ಒಪ್ಪಿಸಿ ಕಲಿತದ್ದು. ಮಗಳಿಗೆ ಮಾತ್ರ ಪ್ರಾಚೀನ ಪದ್ಧತಿಯೆಂದು ಹೇಳಿ ಪಾರಾಯಣವನ್ನು ಕೊಟ್ಟಿದ್ದೆವು. ಒಪ್ಪಿಸುವುದನ್ನು ನಾವೇ ನಿಷೇಧಿಸಿದ್ದೆವು. ಹಳೆಯ ಪ್ರಶ್ನೆಪತ್ರಿಕೆ ಎಂದರೆ ಮತ್ತೇನು? ತೊಡೆಯ ಕೆಳಗೆ ಪುಸ್ತಕವನ್ನಿಟ್ಟುಕೊಂಡ ದೊಡ್ಡಪ್ಪನವರೇ!

ಬೆಳಗ್ಗೆ ಎದ್ದು ಇದನ್ನು ಮಗಳಿಗೆ ಹೇಳಿದಾಗ ಅವಳು ನಕ್ಕು, ಇದನ್ನು ಪ್ರಯೋಗಮಾಡಿಯೂ ತೋರಿಸಿದ್ದಾರೆಂದು ಒಂದು ಲೇಖನವನ್ನು ತೆಗೆದು ತೋರಿಸಿದಳು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬಿಬ್ಬರು ಪ್ರಕಟಿಸಿದ್ದು. ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಓದಲು ಕೊಟ್ಟು, ಕೆಲವರಿಂದ ಅದನ್ನೇ ಮತ್ತೆ ಓದಿಸಿದರು. ಕೆಲವರಿಂದ ಪುಸ್ತಕ ಮುಚ್ಚಿಸಿ ನೆನಪಿದ್ದಷ್ಟನ್ನು ಬರೆಯಿಸಿದರು. ಐದು ನಿಮಿಷಗಳ ತರುವಾಯ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಎರಡು ದಿನಗಳ ಮೇಲೆ, ಒಂದು ವಾರದ ಮೇಲೆ ಪರೀಕ್ಷಿಸಿದಾಗ ಪುಸ್ತಕ ಮುಚ್ಚಿ ಬರೆದವರು ಮುಂದಾದರು. ಆ ಐದು ನಿಮಿಷಗಳ ಗೆಲುವನ್ನೇ ನಾವು ಒಂದು ವರ್ಷ ನಂಬಿಕೊಂಡಿದ್ದೆವು.

ಎರಡನೆಯ ವರ್ಷದ ವೇಳಾಪಟ್ಟಿಯನ್ನು ಮಗಳೇ ಬರೆದಳು. ಊರಿನಲ್ಲಿಯೇ ಕಟ್ಟಡಗಳ ನಕ್ಷೆ ಬರೆಯುವ ಕಛೇರಿಯೊಂದರಲ್ಲಿ ಅರ್ಧ ದಿನದ ಕೆಲಸಕ್ಕೆ ಸೇರಿದಳು. ನಾವು ಬಾಯಿ ಬಿಡಲಿಲ್ಲ. ದೂರದ ನಗರದಲ್ಲಿ ಕೋಚಿಂಗಿಗೆ ಸೇರುವಷ್ಟು ಹಣವನ್ನು ನಮ್ಮ ಪಿಂಚಣಿಯಿಂದ ಎತ್ತಬಾರದೆಂದು ಅವಳೇ ತೀರ್ಮಾನಿಸಿಕೊಂಡಿದ್ದಳು. ತಿಳಿಯದ ಭಾಗಕ್ಕೆ ಐಐಟಿಗಳೂ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟಿಇಎಲ್ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿರುವ ಉಪನ್ಯಾಸಗಳನ್ನು ಕೇಳುತ್ತಿದ್ದಳು. ಬೆಳಗ್ಗೆ ಐದರಿಂದ ಎಂಟರವರೆಗೆ ಲೆಕ್ಕಗಳು. ರಾತ್ರಿ ಊಟವಾದ ಮೇಲೆ ಒಂದು ಗಂಟೆ, ಅಂದು ಓದಿದ್ದನ್ನು ಪುಸ್ತಕ ಮುಚ್ಚಿ ನಮಗೆ ಒಪ್ಪಿಸುವುದು.

“ಅಪ್ಪನಿಗೆ ಸಿವಿಲ್ ಏನು ತಿಳಿಯುವುದು?” ಎಂದು ನಮ್ಮ ಮನೆಯವರು ಕೇಳಿದರು. ತಿಳಿಯದಿರುವುದೇ ಪ್ರಯೋಜನಕ್ಕೆ ಬಂದಿತು. ತಿಳಿದವನು ತಲೆಯಾಡಿಸಿಬಿಡುತ್ತಾನೆ, ತಿಳಿಯದವನು “ಅದೇಕೆ?” ಎನ್ನುತ್ತಾನೆ. ಒಂದು ರಾತ್ರಿಯ ಪಾಠವನ್ನು ಹೇಳಬೇಕು. ಜೇಡಿಮಣ್ಣಿನ ಮೇಲೆ ಕಟ್ಟಡವನ್ನು ಕಟ್ಟಿದರೆ ಅದು ಒಮ್ಮೆಗೇ ಕುಸಿಯದೆ ವರ್ಷಾನುಗಟ್ಟಲೆ ಮೆಲ್ಲಮೆಲ್ಲಗೆ ತಗ್ಗುತ್ತ ಹೋಗುವುದಂತೆ. ಭಾರದಿಂದ ಮಣ್ಣಿನೊಳಗಿನ ನೀರು ಹಿಂಡಿ ಹೊರಗೆ ಹೋಗಬೇಕು, ಜೇಡಿಯು ಅದನ್ನು ಸುಲಭವಾಗಿ ಬಿಡದು. ಟೆರ್ಜಾಗಿ ಎಂಬ ವಿದ್ವಾಂಸರು 1925ರ ತಮ್ಮ ಗ್ರಂಥದಲ್ಲಿ ಇದರ ಲೆಕ್ಕವನ್ನು ನಿರೂಪಿಸಿದರಂತೆ. ಇದನ್ನೆಲ್ಲ ಹೇಳಿ, ಆರು ಮೀಟರು ದಪ್ಪದ ಜೇಡಿಯ ಪದರವಿದ್ದು ಅದರ ಮೇಲೂ ಕೆಳಗೂ ಮರಳಿದ್ದರೆ ನೀರು ನಡೆಯಬೇಕಾದ ದಾರಿ ಮೂರೇ ಮೀಟರು, ಕೆಳಗೆ ಬಂಡೆಯಿದ್ದರೆ ಆರು ಮೀಟರು ಎಂದಳು. ನಮಗೆ ಹತ್ತಲಿಲ್ಲ. ಅಡುಗೆಮನೆಯಿಂದ ನಮ್ಮ ಮನೆಯವರು, “ಅಷ್ಟೂ ತಿಳಿಯದೇನ್ರೀ? ಶ್ರೀಖಂಡಕ್ಕೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ಎಲ್ಲ ಕಡೆಯಿಂದಲೂ ಬಸಿಯುತ್ತೆ. ತಟ್ಟೆಯ ಮೇಲಿಟ್ಟು ಕಲ್ಲು ಹೇರಿದರೆ ತಳದ ನೀರು ಎಲ್ಲಿಗೆ ಹೋಗಬೇಕು?” ಎಂದರು. ಮಗಳು ಎದ್ದುಹೋಗಿ ಅಮ್ಮನನ್ನು ಅಪ್ಪಿಕೊಂಡಳು.

ದಾರಿ ಎರಡರಷ್ಟಾದರೆ ಕಾಲ ನಾಲ್ಕರಷ್ಟಾಗುವುದೆಂದು ಮುಂದುವರಿಸಿದಳು. ದಾರಿ ಎರಡರಷ್ಟಾದರೆ ಕಾಲವೂ ಎರಡರಷ್ಟೇ ತಾನೆ, ನಾಲ್ಕೇಕೆ ಎಂದು ಕೇಳಿದೆವು. ಸೂತ್ರದಲ್ಲಿ ವರ್ಗವಿದೆ ಎಂದಳು. ವರ್ಗವೇಕೆ ಎಂದೆವು. ಅವಳು ನಿಂತಳು. ಸೂತ್ರ ಬಾಯಿಗೆ ಬರುತ್ತಿತ್ತು, ಕಾರಣ ಬರುತ್ತಿರಲಿಲ್ಲ. ಮರುದಿನ ರಾತ್ರಿ ಊಟಕ್ಕೆ ಮುಂಚೆಯೇ ಬಂದು ಹೇಳಿದಳು: “ಪದರ ಎರಡರಷ್ಟು ದಪ್ಪವಾದರೆ ಹೊರಗೆ ಹೋಗಬೇಕಾದ ನೀರೂ ಎರಡರಷ್ಟು. ಅದನ್ನು ನೂಕುವ ಒತ್ತಡದ ಇಳಿಜಾರು ಅರ್ಧದಷ್ಟು. ಎರಡೆರಡ್ಲ ನಾಲ್ಕು. ಸಾಕೇ ಅಪ್ಪ?” ಎರಡು ಕಡೆ ಬಸಿಯುವುದನ್ನು ಮರೆತು ಪೂರ್ತಿ ದಪ್ಪವನ್ನು ಲೆಕ್ಕಕ್ಕೆ ಹಿಡಿದವನಿಗೆ ಸರಿಯುತ್ತರದ ನಾಲ್ಕರಷ್ಟು ಬರುವುದಷ್ಟೆ. ಕೆಲವು ವಾರಗಳ ಮೇಲೆ ಅಭ್ಯಾಸಕ್ಕೆಂದು ತೆಗೆದುಕೊಂಡ ಒಂದು ಪತ್ರಿಕೆಯಲ್ಲಿ ಇಂಥದೇ ಪ್ರಶ್ನೆ ಬಂದು, ಆ ನಾಲ್ಕರಷ್ಟು ಉತ್ತರವೂ ಸಾಧುವಿನಂತೆ ಅಲ್ಲಿಯೇ ಕುಳಿತಿದ್ದಿತು. ಅದನ್ನು ಅವಳು ನಮಗೆ ಕರೆದು ತೋರಿಸಿದಳು.

ಭಾನುವಾರ ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆಯವರೆಗೆ ಹಳೆಯ ಪತ್ರಿಕೆಯೊಂದನ್ನು ಗಡಿಯಾರವಿಟ್ಟುಕೊಂಡು ಬಿಡಿಸುವಳು. ಪರೀಕ್ಷೆ ನಡೆಯುವ ಹೊತ್ತಿಗೇ, ಮೌಸಿನ ಲೆಕ್ಕಯಂತ್ರದಿಂದಲೇ. ಮೊದಲ ಸುತ್ತಿನಲ್ಲಿ ನೋಡಿದೊಡನೆ ಬರುವುವು, ಎರಡನೆಯದರಲ್ಲಿ ದಾರಿ ಕಂಡಿದ್ದರೂ ಉದ್ದನೆಯ ಲೆಕ್ಕವಿರುವುವು, ಕೊನೆಯಲ್ಲಿ ಸಂದೇಹದವು. ಹೀಗೆ ಮೂರು ಸುತ್ತು. ಆ ಮೂರು ಗಂಟೆಗಳ ಕಾಲ ಮನೆಯಲ್ಲಿ ಕುಕ್ಕರ್ ಕೂಗುವಂತಿಲ್ಲ, ನಮ್ಮ ಸ್ತೋತ್ರವೂ ಮನಸ್ಸಿನೊಳಗೇ. ಸಾಮಾನ್ಯ ಬುದ್ಧಿಶಕ್ತಿಯ ಭಾಗಕ್ಕೆ 15 ಅಂಕ, ಗಣಿತಕ್ಕೆ 13. ಹಿಂದಿನ ವರ್ಷ ಇವೆರಡನ್ನೂ ಹುಡುಗಾಟವೆಂದು ನಾವು ಪಟ್ಟಿಯಲ್ಲಿ ಸೇರಿಸಿಯೇ ಇರಲಿಲ್ಲ. ನೂರರಲ್ಲಿ 28 ಅಂಕಗಳನ್ನು ಅಗಸೆಬಾಗಿಲಿನಲ್ಲಿ ಬಿಟ್ಟು ಕೋಟೆಗೆ ಲಗ್ಗೆ ಹಾಕಿದಂತಾಗಿದ್ದಿತು.

ತಪ್ಪುಗಳ ಪುಸ್ತಕವು ಮುಂದುವರಿಯಿತು. ಈ ಸಲ ಅದರ ವಿಂಗಡಣೆಯಲ್ಲಿ ನಮಗೂ ಸ್ವಲ್ಪ ಪಾಲು ದೊರೆಯಿತು. ತರ್ಕಸಂಗ್ರಹವನ್ನು ಓದಿದವರು ಸಂಶಯ ಬೇರೆ, ವಿಪರ್ಯಯ ಬೇರೆ ಎಂಬುದನ್ನು ಬಲ್ಲರು. ಇದೋ ಅದೋ ಎಂದು ತೂಗಾಡುವುದು ಸಂಶಯ. ಕಪ್ಪೆಚಿಪ್ಪನ್ನು ಬೆಳ್ಳಿಯೆಂದೇ ನಿಶ್ಚಯಿಸಿ ಎತ್ತಿಕೊಳ್ಳುವುದು ವಿಪರ್ಯಯ. ಎಲ್ಲ ತಿಳಿದಿದ್ದೂ ಕೈ ಜಾರುವುದಕ್ಕೆ ಪ್ರಮಾದವೆಂದು ಹೆಸರಿಟ್ಟೆವು. ಮೂರು ಕಲಂ ಮಾಡಿಕೊಂಡು ಮಗಳು ಬರೆಯತೊಡಗಿದಳು. ಸಂಶಯದ ತಪ್ಪಿಗೆ ಔಷಧವೆಂದರೆ ಪರೀಕ್ಷೆಯಲ್ಲಿ ಬಿಟ್ಟುಬಿಡುವುದು, ಮನೆಯಲ್ಲಿ ಓದುವುದು. ಪ್ರಮಾದಕ್ಕೆ ನಿಧಾನವೇ ಔಷಧ. ವಿಪರ್ಯಯವೇ ಘಾತುಕ, ಅದು ತನ್ನಲ್ಲಿದೆಯೆಂದೇ ತಿಳಿಯದು, ಪತ್ರಿಕೆಯನ್ನು ಬಿಡಿಸಿ ಅಂಕ ಹಾಕಿಕೊಳ್ಳುವವರೆಗೆ. ಸೆಪ್ಟೆಂಬರಿನಲ್ಲಿ ಆ ಕಲಮೇ ಎಲ್ಲಕ್ಕಿಂತ ಉದ್ದವಾಗಿದ್ದಿತು. ಮೂರು ಆವೃತ್ತಿ ಓದಿದ್ದರ ಫಲ! ಜನವರಿಯ ಹೊತ್ತಿಗೆ ಒಂದು ಪತ್ರಿಕೆಗೆ ಎರಡು ಮೂರಕ್ಕೆ ಇಳಿಯಿತು.

ಇದನ್ನು ಓದಿ ಯಾರೂ ಎಲ್ಲ ಸುಗಮವಾಗಿ ನಡೆಯಿತೆಂದುಕೊಳ್ಳಬಾರದು. ನವೆಂಬರಿನಲ್ಲಿ ಎರಡು ಭಾನುವಾರ ಸತತವಾಗಿ ಅಂಕ ಇಳಿದಾಗ ಅವಳು ಪುಸ್ತಕಗಳನ್ನೆಲ್ಲ ಅಟ್ಟಕ್ಕೆ ಏರಿಸಿಬಿಟ್ಟಳು. ಜೊತೆಯಲ್ಲಿ ಓದಿದವರು ಬೆಂಗಳೂರಿನಲ್ಲಿ ಸಂಬಳ ಎಣಿಸುತ್ತಿರುವರು, ತಾನು ಇನ್ನೂ ಅಪ್ಪನೆದುರಿಗೆ ಪಾಠ ಒಪ್ಪಿಸುತ್ತಿರುವೆನೆಂದು ಅಮ್ಮನ ಬಳಿ ಅತ್ತಳಂತೆ. ನಾವು ಸಮಾಧಾನ ಹೇಳಲು ಹೋಗಲಿಲ್ಲ; ಆ ಕೆಲಸವನ್ನು ಕೊಟ್ಟುಬಿಡಿಸಿದವರೇ ನಾವಲ್ಲವೆ? ನಾಲ್ಕು ದಿನಗಳಾದ ಮೇಲೆ ತಾನೇ ಅಟ್ಟ ಹತ್ತಿ ಪುಸ್ತಕಗಳನ್ನು ಇಳಿಸಿಕೊಂಡಳು.

2024ರ ಪರೀಕ್ಷೆಯನ್ನು ನಡೆಸುವ ಸರದಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯದಾಗಿದ್ದಿತು. ಫೆಬ್ರವರಿಯಲ್ಲಿ ಮತ್ತೆ ಮೈಸೂರು, ಮತ್ತೆ ಭಾವಮೈದುನನ ಮನೆ. ಗೇಟಿನ ಬಳಿ ಬಿಡುವಾಗ ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆವು. ಎದುರಿನ ಮರದ ಕೆಳಗೆ ಬೇರೆ ತಂದೆತಾಯಿಗಳೊಡನೆ ಕುಳಿತು ಕಾದೆವು. ಒಬ್ಬ ಮಹನೀಯರು ಒಳಗೆ ಹೋಗುತ್ತಿದ್ದ ಮಗನಿಗೆ “ಒಂದನ್ನೂ ಬಿಡಬೇಡವೋ” ಎಂದು ಕೂಗಿ ಹೇಳಿದರು. ನಮಗೆ ಎದ್ದುಹೋಗಿ ಹೇಳಬೇಕೆನಿಸಿತು. ಹುಡುಗ ಆಗಲೇ ಒಳಗೆ ಹೋಗಿದ್ದನು.

ಮಧ್ಯಾಹ್ನ ಮಗಳು ಹೊರಗೆ ಬಂದಳು. “ಎಷ್ಟು ಬಿಟ್ಟೆ?” ಎಂದು ಕೇಳಿದೆವು.

“ಹದಿಮೂರು” ಎಂದಳು. ಈ ಸಲ ಅವಳ ಮುಖವನ್ನು ನೋಡಿದೆವು.

ಮಾರ್ಚಿಯಲ್ಲಿ 51 ಅಂಕ ಚಿಲ್ಲರೆ ಬಂದಿತು. ವಿಜ್ಞಾನ ಸಂಸ್ಥೆಗೆ ಅದು ಸಾಲಲಿಲ್ಲ. ಸುರತ್ಕಲ್ಲಿನ ಎನ್‌ಐಟಿಯಲ್ಲಿ ಅವಳು ಬಯಸಿದ ಮಣ್ಣಿನ ಶಾಸ್ತ್ರಕ್ಕೇ ಸೀಟು ದೊರೆತು, ಮಳೆಗಾಲದಲ್ಲಿ ಹೋಗಿ ಸೇರಿಸಿ ಬಂದೆವು. ಹಾಸ್ಟೆಲಿನವರೆಗೂ ಸಮುದ್ರದ ಮೊರೆತ ಕೇಳುತ್ತಿದ್ದಿತು. ಪುಸ್ತಕಗಳನ್ನೆಲ್ಲ ಒಯ್ದಳು, ತಪ್ಪುಗಳ ನೋಟುಪುಸ್ತಕವನ್ನು ಮಾತ್ರ ನಮ್ಮ ಮೇಜಿನ ಮೇಲೆಯೇ ಬಿಟ್ಟುಹೋಗಿದ್ದಳು. ಬೀದಿಯ ಮಕ್ಕಳು ಬಂದಾಗ ಅದನ್ನು ತೆಗೆದು, “ಅ.ಸೂ.” ಎಂದಿರುವ ಆ 12 ಸಾಲುಗಳನ್ನು ಮೊದಲು ತೋರಿಸುತ್ತೇವೆ. ಅವರಲ್ಲಿ ಒಬ್ಬನು ವಿದ್ಯುತ್ತಿನ ಶಾಸ್ತ್ರವನ್ನು ಓದುತ್ತಿರುವನು. ಮೊನ್ನೆಯಿಂದ ಸಂಜೆ ಬಂದು ಟ್ರಾನ್ಸ್‌ಫಾರ್ಮರಿನ ಪಾಠವನ್ನು ಒಪ್ಪಿಸುತ್ತಿದ್ದಾನೆ. ನಮಗೆ ಇನ್ನೂ ಒಂದಕ್ಷರವೂ ಹತ್ತಿಲ್ಲ. ನಮ್ಮ ಮನೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಾರೆ.